ಅಟ್ಟದಿಂದ ಇಳಿದ ಘಟ್ಟ

ಹಾಸನದಿಂದ ಮಂಗಳೂರಿನ ಕಡೆಗೆ ಹೋಗುವ ರೈಲುದಾರಿಯು ಸಕಲೇಶಪುರವನ್ನು ದಾಟಿ ಘಟ್ಟವನ್ನಿಳಿಯುವ ಸೊಬಗನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಣದವರು ಕಂಡವರ ಬಾಯಿಂದ ಕೇಳಿಯಾದರೂ ಇರುವರು. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವಣ ದೂರ ಸುಮಾರು ೫೫ ಕಿಲೋಮೀಟರು. ಅಷ್ಟರೊಳಗೆ ೫೭ ಸುರಂಗಗಳು, ೧೦೯ ಸೇತುವೆಗಳು. ಇಳುಕಲೋ, ಐವತ್ತು ಅಡಿ ಮುಂದುವರಿದರೆ ಒಂದಡಿ ಕೆಳಕ್ಕೆ. ಈ ಘಟ್ಟವನ್ನು ಹಾಸನದ ನಮ್ಮ ಮನೆಯೊಳಗೆ ಕಟ್ಟಿ ನಿಲ್ಲಿಸಬೇಕೆಂದು ನಾವು ಹೊರಟೆವೆಂದರೆ ಯಾರಿಗಾದರೂ ನಗೆ ಬರುವುದು ಸಹಜ. ನಮ್ಮ ನೆಂಟರಿಷ್ಟರು ಮನದಣಿಯೆ ನಕ್ಕದ್ದಾಯಿತು. ಕಟ್ಟಿ ಮುಗಿಸಿದೆವೆಂದು ಈಗಲೂ ಹೇಳಲಾರೆವು. ಆದರೆ ಗಾಡಿ ಓಡುತ್ತಿದೆ. ಅದು ಹೇಗೆ ಓಡಿತು, ನಾವು ಎಲ್ಲೆಲ್ಲಿ ಎಡವಿದೆವು ಎಂಬುದನ್ನು ಅರಿಕೆಮಾಡಿಕೊಂಡರೆ, ಮಕ್ಕಳಿರುವ ಮನೆಗಳಿಗೂ ವೃದ್ಧರಿರುವ ಮನೆಗಳಿಗೂ ಕೊಂಚ ಪ್ರಯೋಜನವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಹುಡುಗನ ತಾತನವರು ರೈಲ್ವೆಯಲ್ಲಿದ್ದವರು. ಈ ದಾರಿಯು ೧೯೭೯ರಲ್ಲಿ ತೆರೆದಾಗ ಮೀಟರ್ ಗೇಜಾಗಿತ್ತು; ಆ ಕಾಲದಲ್ಲಿ ಅವರು ಘಟ್ಟದ ನಡುವಣ ಎಡಕುಮೇರಿಯಲ್ಲಿ ಆರು ವರ್ಷ ಸಹಾಯಕ ಸ್ಟೇಷನ್ ಮಾಸ್ತರರಾಗಿ ಕೆಲಸ ಮಾಡಿದರು. ಕಾಡಿನ ನಡುವಿನ ನಿಲ್ದಾಣ. ಅಕ್ಕಿ, ಬೇಳೆ, ಸೀಮೆ ಎಣ್ಣೆ, ಕಾಗದ ಪತ್ರ, ಎಲ್ಲವೂ ಗಾಡಿಯಲ್ಲಿಯೇ ಬರಬೇಕು. ಕಾಯಿಲೆಯಾದವರು ಗಾಡಿಯಲ್ಲಿಯೇ ಹೋಗಬೇಕು. ಆರು ವರ್ಷಗಳಲ್ಲಿ ಎರಡು ವರ್ಷ ಅಜ್ಜಿಯವರೂ ಅಲ್ಲಿಯೇ ಸಂಸಾರ ಹೂಡಿದ್ದರು. ಅಜ್ಜಿಯವರು ತೀರಿಕೊಂಡ ಮೇಲೆ ತಾತನವರ ಮಾತು ಕಡಿಮೆಯಾಯಿತು. ಮಂಡಿನೋವಿನಿಂದ ತಿರುಗಾಟವೂ ನಿಂತಿತು. ಜಗಲಿಯ ಮೇಲೆ ಬಂದು ಕೂರುವುದನ್ನು ಬಿಟ್ಟರು. ವೃತ್ತಪತ್ರಿಕೆಯನ್ನು ಮಡಿಕೆ ಬಿಚ್ಚದೆಯೇ ಸಂಜೆ ನಮ್ಮ ಕೈಗೆ ಹಿಂದಿರುಗಿಸುತ್ತಿದ್ದರು. ವೈದ್ಯರು ದೇಹಕ್ಕೇನೂ ಕೊರತೆಯಿಲ್ಲವೆಂದರು. ನಮಗೆ ಕಾಣುತ್ತಿದ್ದ ಕೊರತೆಗೆ ಔಷಧವನ್ನು ಅವರು ಬರೆದುಕೊಡಲಿಲ್ಲ.

ಹೀಗಿರಲಾಗಿ ಹುಡುಗನ ಸೋದರಮಾವನು ಅವನ ಹುಟ್ಟುಹಬ್ಬಕ್ಕೆ ಒಂದು ಮಾದರಿ ರೈಲನ್ನು ತಂದುಕೊಟ್ಟನು. ಒಂದು ಎಂಜಿನ್, ಮೂರು ಬಂಡಿ, ಮೊಟ್ಟೆಯಾಕಾರವಾಗಿ ಜೋಡಿಸುವ ಹಳಿ. ತಾತನವರ ಕೋಣೆಯ ನೆಲ ಸಮವಾಗಿದ್ದುದರಿಂದ ಹುಡುಗನು ಅಲ್ಲಿಯೇ ಅದನ್ನು ಹರಡಿದನು. ತಾತನವರು ಬಹಳ ಹೊತ್ತು ನೋಡುತ್ತಿದ್ದು, ಹುಡುಗನ ಅಳತೆಪಟ್ಟಿಯನ್ನು ಕೇಳಿ ತೆಗೆದುಕೊಂಡು, ಎರಡು ಹಳಿಗಳ ನಡುವಣ ಅಂತರವನ್ನು ಅಳೆದರು. ಹದಿನಾರೂವರೆ ಮಿಲಿಮೀಟರು. ಪೆಟ್ಟಿಗೆಯ ಮೇಲೆ ೧:೮೭ ಎಂದು ಅಚ್ಚಾಗಿತ್ತು. ಕಾಗದದ ಅಂಚಿನಲ್ಲಿ ಗುಣಿಸಿ, “೧೪೩೫ ಬರುತ್ತೆ. ಮೀಟರ್ ಗೇಜಿಗೆ ೧೦೦೦ ಬರಬೇಕು, ಬ್ರಾಡ್ ಗೇಜಿಗೆ ೧೬೭೬. ಇದು ಯಾವ ದೇಶದ ಗಾಡಿಯೋ ಮರಿ?” ಎಂದರು. ಅಷ್ಟು ದಿನಗಳಲ್ಲಿ ಅವರು ಆಡಿದ ಅತಿ ಉದ್ದವಾದ ಮಾತು ಅದೇ ಆಗಿತ್ತು. ನಾವಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದೆವು. ಘಟ್ಟವನ್ನು ಕಟ್ಟುವ ಆಲೋಚನೆಯು ಹುಟ್ಟಿದ್ದು ಆಗಲೇ.

ತಾತನವರ ಲೆಕ್ಕ ಸರಿಯಾಗಿಯೇ ಇತ್ತು. ಈ ಆಟಿಕೆಗಳ ವಂಶವು ಯೂರೋಪಿನದು. ಜರ್ಮನಿಯ ಮೇರ್ಕ್ಲಿನ್ ಎಂಬ ಕಾರ್ಖಾನೆಯವರು ೧೮೯೧ರಲ್ಲಿ ಲೈಪ್ಸಿಗ್ ಸಂತೆಯಲ್ಲಿ ಜೋಡಿಸಬಹುದಾದ ಹಳಿಗಳ ಮೇಲೆ ಓಡುವ ಕೀಲಿಯ ರೈಲನ್ನು ಪ್ರದರ್ಶಿಸಿ, ಹಳಿಗಳ ಅಗಲಕ್ಕೆ ಒಂದು ಕ್ರಮವನ್ನು ಏರ್ಪಡಿಸಿದರು. ಸೊನ್ನೆಯ ಗೇಜು ಎಂಬುದಕ್ಕೆ ಅಗಲ ೩೨ ಮಿಲಿಮೀಟರು. ಅದು ಮನೆಗಳಿಗೆ ದೊಡ್ಡದಾಯಿತೆಂದು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದ್ದೇ ‘ಎಚ್ಓ’. ಸೊನ್ನೆಯಲ್ಲಿ ಅರ್ಧವೆಂದು ಅದರ ಅರ್ಥ. ಇದಕ್ಕಿಂತ ಚಿಕ್ಕದಾದ ‘ಎನ್’ ಗಾತ್ರವೂ ಉಂಟು. ಅದರ ಹಳಿ ಬರಿಯ ೯ ಮಿಲಿಮೀಟರು, ಗಾಡಿ ನಿಜವಾದುದರ ೧೬೦ರಲ್ಲಿ ಒಂದು ಪಾಲು. ಸ್ಥಳ ಕಡಿಮೆಯಿದ್ದವರು ಎನ್ ಗಾತ್ರವನ್ನೇ ಆರಿಸಿಕೊಳ್ಳಬೇಕೆಂದು ಬಲ್ಲವರು ಹೇಳುವರು. ನಾವು ಹಾಗೆ ಮಾಡಲಿಲ್ಲ. ನಡುಗುವ ಬೆರಳುಗಳಿಂದ ಹಳಿ ತಪ್ಪಿದ ಗಾಡಿಯನ್ನು ಎತ್ತಿ ಕೂರಿಸಬೇಕಾದರೆ ಅದು ಕೈಗೆ ಸಿಕ್ಕುವಷ್ಟಾದರೂ ಇರಬೇಕು. ಗೇಜಿನ ವ್ಯತ್ಯಾಸವನ್ನು ಕ್ಷಮಿಸುವಂತೆ ತಾತನವರನ್ನು ಕೇಳಿಕೊಂಡೆವು. “ಹಳಿ ಎಷ್ಟಗಲವಾದರೂ ಇರಲಿ, ಸ್ಟೇಷನ್ನು ಸರಿಯಾಗಿರಲಿ” ಎಂದು ಒಪ್ಪಿದರು.

ಮೊದಲು ನಾವು ಮಾಡಿದ್ದು ಲೆಕ್ಕ. ಐವತ್ತೈದು ಕಿಲೋಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಆರುನೂರ ಮೂವತ್ತು ಮೀಟರು. ನಮ್ಮ ಬೀದಿಯ ಈ ಕೊನೆಯಿಂದ ಆ ಕೊನೆಯನ್ನು ದಾಟಿ ಮುಂದಿನ ವೃತ್ತವನ್ನು ಮುಟ್ಟುವಷ್ಟು. ಇಳಿತದ ಲೆಕ್ಕವೂ ಹಾಗೆಯೇ: ಏಳೆಂಟುನೂರು ಮೀಟರು ಇಳಿಯುವ ಘಟ್ಟವನ್ನು ಅದೇ ಪ್ರಮಾಣದಲ್ಲಿ ಕಟ್ಟಿದರೆ ಮಾಡನ್ನು ಹರಿದು ಎಂಟೊಂಬತ್ತು ಮೀಟರು ಮೇಲೇಳುವುದು. ಎಲ್ಲಕ್ಕಿಂತ ಸೋಜಿಗ ತಿರುವುಗಳದು. ನಮ್ಮ ದೇಶದ ಬ್ರಾಡ್ ಗೇಜಿನಲ್ಲಿ ಅನುಮತಿಯಿರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯವು ೧೭೫ ಮೀಟರು. ಕಿಟಕಿಯಿಂದ ನೋಡಿದರೆ ಗಾಡಿಯ ಬಾಲ ಮೂತಿಯನ್ನು ಕಚ್ಚುವಂತೆ ಕಾಣುವ ಆ ತಿರುವನ್ನು ಮನೆಗೆ ತಂದರೆ ಅದರ ತ್ರಿಜ್ಯವೇ ಎರಡು ಮೀಟರಾಗುವುದು. ಅರ್ಧವೃತ್ತ ಹಾಕಲು ನಾಲ್ಕು ಮೀಟರು ಅಗಲದ ಕೋಣೆ ಬೇಕು. ಪೆಟ್ಟಿಗೆಯಲ್ಲಿ ಬಂದ ಹಳಿಯ ತ್ರಿಜ್ಯವೋ ೧೮ ಅಂಗುಲ. ಅಂದರೆ ಘಟ್ಟದ ಅತಿ ಕಠಿಣವಾದ ತಿರುವು ಕೂಡ ಆಟಿಕೆಯ ಲೋಕದಲ್ಲಿ ರಾಜಮಾರ್ಗ! ಮಾದರಿ ರೈಲನ್ನು ಕಟ್ಟುವ ವಿದ್ಯೆಯಲ್ಲಿ ಮುಖ್ಯವಾದದ್ದು ಯಾವುದನ್ನು ಬಿಡಬೇಕೆಂಬುದು. ಈ ಮಾತು ನಮಗೆ ಆಗಲೇ ಹೊಳೆಯಿತು. ಯಾವುದನ್ನು ಬಿಡಬಾರದೆಂಬುದು ಹೊಳೆಯಲು ಇನ್ನೂ ಐದು ತಿಂಗಳು ಹಿಡಿಯಿತು.

ಈ ನಡುವೆ ಒಂದು ಮದುವೆಯ ನಿಮಿತ್ತ ಪುಣೆಗೆ ಹೋಗಿದ್ದೆವು. ಅಲ್ಲಿ ಕೋಥರೂಡಿನಲ್ಲಿ ಭಾವೂ ಜೋಶಿ ಎಂಬವರು ತಮ್ಮ ಬಾಳಿನ ಬಹುಭಾಗವನ್ನು ವೆಚ್ಚಮಾಡಿ ನಿರ್ಮಿಸಿದ ಚಿಕಣಿ ರೈಲುಗಳ ವಸ್ತುಸಂಗ್ರಹಾಲಯವಿದೆ. ೧೯೯೮ರಲ್ಲಿ ಅದು ಜನರಿಗೆ ತೆರೆಯಿತು. ಅಲ್ಲಿಯೂ ಅಳತೆ ಎಂಬತ್ತೇಳರಲ್ಲೊಂದೇ. ಒಂದು ಪಟ್ಟಣಕ್ಕೆ ಪಟ್ಟಣವೇ ದೀಪ ಹಚ್ಚಿಕೊಂಡು ಕತ್ತಲಲ್ಲಿ ಮಿನುಗುತ್ತಿರಲು, ಹಲವು ಬಗೆಯ ಗಾಡಿಗಳು ಒಂದನ್ನೊಂದು ದಾಟಿ ಹೋಗುವುವು. ಹುಡುಗನು ಬಾಯಿಬಿಟ್ಟು ನೋಡಿದನು. ನಾವು ಮೇಜಿನ ಕೆಳಗೆ ಬಗ್ಗಿ ನೋಡಿದೆವು. ಮೇಲಿನ ಅಂದಕ್ಕಿಂತ ಕೆಳಗಿನ ತಂತಿಗಳ ಶಿಸ್ತೇ ನಮಗೆ ಹೆಚ್ಚಿನ ಪಾಠವಾಯಿತು.

ಊರಿಗೆ ಬಂದವರೇ ಬಡಗಿಯನ್ನು ಕರೆಸಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆಯನ್ನು ತರಿಸಿದೆವು. ನಮ್ಮದು ಹಳೆಯ ಹೆಂಚಿನ ಮನೆ. ಮೇಲೆ ಗಟ್ಟಿಮುಟ್ಟಾದ ಅಟ್ಟವುಂಟು. ಹಳೆಯ ತೊಟ್ಟಿಲು, ಹರಿದ ಚಾಪೆ, ಮುರಿದ ಕುರ್ಚಿಗಳನ್ನು ಇಳಿಸಿ ಅಟ್ಟವನ್ನು ತೆರವುಮಾಡಿ, ಹಲಗೆಯನ್ನು ಹಗ್ಗದಿಂದ ಮೇಲಕ್ಕೆಳೆದು, ನಾಲ್ಕು ಕಾಲುಗಳನ್ನು ಹೊಡೆಸಿದೆವು. ಹುಡುಗನ ಯೋಜನೆಯಂತೆ ಮೊಟ್ಟೆಯಾಕಾರದ ಎರಡು ಸುತ್ತು, ನಡುವೆ ಬೆಟ್ಟ, ಬೆಟ್ಟದಲ್ಲಿ ಸುರಂಗ. ಮೂರು ವಾರಗಳ ಕೆಲಸವಾದ ಬಳಿಕ ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಓಡಿಸಿ, ಸಂತೋಷದಿಂದ, “ತಾತಾ, ಬನ್ನಿ, ಘಟ್ಟ ನೋಡಿ!” ಎಂದು ಹುಡುಗನು ಅಟ್ಟದ ಕಿಂಡಿಯಿಂದ ಕೂಗಿದನು. ತಾತನವರು ಏಣಿಯ ಬುಡದವರೆಗೆ ಬಂದರು. ಏಣಿಯನ್ನು ನೋಡಿದರು. “ಆಗಲಿ, ಶಬ್ದ ಕೇಳ್ತಾ ಇದೆ” ಎಂದು ಹೇಳಿ ಕೋಣೆಗೆ ಹಿಂದಿರುಗಿದರು.

ಯಾರಿಗಾಗಿ ಕಟ್ಟಿದೆವೋ ಅವರು ಹತ್ತಲಾರದ ಕಡೆಯಲ್ಲಿ ಕಟ್ಟಿದ್ದೆವು. ಮೂರು ವಾರಗಳಲ್ಲಿ ಒಮ್ಮೆಯೂ ನಮಗಿಬ್ಬರಿಗೂ ಅದು ತೋಚದೇಹೋಯಿತೆಂಬುದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಇಂಥ ಕೆಲಸಕ್ಕೆ ಕೈಯಿಡುವವರು ಹಳಿ, ಎಂಜಿನ್ನುಗಳ ಬೆಲೆಪಟ್ಟಿಯನ್ನು ನೋಡುವುದಕ್ಕೆ ಮುಂಚೆ, ನೋಡತಕ್ಕವರು ಎಲ್ಲಿ ಕೂರುವರು, ಅವರ ಕಣ್ಣು ಎಷ್ಟೆತ್ತರಕ್ಕಿರುವುದು, ಕೈ ಎಷ್ಟು ದೂರಕ್ಕೆ ನಿಲುಕುವುದು ಎಂದು ಅಳೆದುಕೊಳ್ಳಲಿ. ಕೈ ನಿಲುಕುವುದು ಸಾಮಾನ್ಯವಾಗಿ ಎರಡೂವರೆ ಅಡಿ. ಅದಕ್ಕಿಂತ ಅಗಲವಾದ ಮೇಜಿನ ಆಚೆಯ ಅಂಚಿನಲ್ಲಿ ಗಾಡಿ ಬಿದ್ದರೆ ಬಿದ್ದ ಹಾಗೆಯೇ.

ಹಲಗೆಯನ್ನು ಕೆಳಗಿಳಿಸಲು ಹೋದರೆ ಅದು ಬರಲೊಲ್ಲದು. ಬೆಟ್ಟವನ್ನು ಹೊತ್ತ ಹಲಗೆ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಕಡೆಗೆ ಅಟ್ಟದ ಮೇಲೆಯೇ ಗರಗಸವಾಡಿಸಿ, ನಾಲ್ಕಡಿ ಉದ್ದ ಎರಡಡಿ ಅಗಲದ ನಾಲ್ಕು ತುಂಡುಗಳನ್ನು ಮಾಡಿ ಇಳಿಸಿದೆವು. ಕೆಟ್ಟ ಗಳಿಗೆಯಲ್ಲಿ ಒದಗಿದ ಒಳ್ಳೆಯ ಯೋಜನೆ ಅದು. ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಹದಿನಾರಡಿ ಉದ್ದದ, ಎರಡಡಿ ಅಗಲದ ಗೋಡೆಯಂಚಿನ ಮೇಜು. ತಾತನವರ ಕೋಣೆಯ ಎರಡು ಗೋಡೆಗಳ ಉದ್ದಕ್ಕೂ ಮೂಲೆ ತಿರುಗಿ ಅದು ಕೂರುವುದು. ಎತ್ತರವನ್ನು ಅವರ ಕುರ್ಚಿಗೆ ಹೊಂದಿಸಿ ಎರಡೂವರೆ ಅಡಿಗೆ ಇಳಿಸಿದೆವು. ತುಂಡುಗಳನ್ನು ಮೊಳೆಯಿಂದ ಬಡಿಯದೆ ತಿರುಪಿನಿಂದ ಬಿಗಿದೆವು, ಮನೆಗೆ ಸುಣ್ಣ ಬಳಿಸುವಾಗ ಬಿಚ್ಚಬೇಕಲ್ಲ.

ಹದಿನಾರಡಿಯನ್ನು ಎಂಬತ್ತೇಳರಿಂದ ಗುಣಿಸಿದರೆ ಸುಮಾರು ೧೪೦೦ ಅಡಿ. ಐವತ್ತೈದು ಕಿಲೋಮೀಟರುಗಳಲ್ಲಿ ನಮ್ಮ ಪಾಲಿಗೆ ಬಂದದ್ದು ಕಾಲು ಮೈಲಿ! ಹುಡುಗನು ಪೆಚ್ಚಾದನು. ಅದಕ್ಕಿಂತಲೂ ಅವನಿಗೆ ಆದ ದುಃಖವೆಂದರೆ, ಇಷ್ಟು ಕಿರಿದಾದ ಮೇಜಿನ ಮೇಲೆ ಗಾಡಿ ಸುತ್ತು ಹಾಕಲಾರದೆಂಬುದು. ಆಗ ತಾತನವರು ಹೇಳಿದ ಮಾತು ನಮ್ಮ ಕೆಲಸದ ದಿಕ್ಕನ್ನೇ ಬದಲಾಯಿಸಿತು. “ಸುತ್ತು ಯಾಕಯ್ಯಾ? ನಾನು ಕಳಿಸಿದ ಗಾಡಿ ಒಂದು ನಿಮಿಷಕ್ಕೆ ಬೆನ್ನ ಹಿಂದಿನಿಂದ ವಾಪಸು ಬಂದರೆ ಅದು ಎಲ್ಲಿಗೂ ಹೋಗಲಿಲ್ಲ ಅಂತ ಅರ್ಥ. ಹೋದ ಗಾಡಿ ಹೋಗಬೇಕು. ಆ ಕಡೆಯವರು ಬಂತು ಅಂತ ಹೇಳಬೇಕು.” ಕೋಣೆಯ ಪಕ್ಕದ ಗೋಡೆಯಾಚೆ ನಮ್ಮ ಉಗ್ರಾಣ. ಗೋಡೆಗೆ ಒಂದು ಕಿಂಡಿ ಕೊರೆದು, ಉಗ್ರಾಣದ ಗೂಡಿನಲ್ಲಿ ಸುಬ್ರಹ್ಮಣ್ಯ ರೋಡನ್ನು ಸ್ಥಾಪಿಸುವುದೆಂದು ತೀರ್ಮಾನವಾಯಿತು. ಸುತ್ತು ಹೋದುದರಿಂದ ಇನ್ನೊಂದು ಲಾಭವೂ ಆಯಿತು. ಈ ಗಾಡಿಗಳು ೧೨ ವೋಲ್ಟಿನ ವಿದ್ಯುತ್ತಿನಿಂದ ಓಡುವುವು. ಒಂದು ಹಳಿ ಧನ, ಇನ್ನೊಂದು ಋಣ. ಹಳಿಯು ಕುಣಿಕೆಯಂತೆ ತಿರುಗಿ ಬಂದು ತನ್ನನ್ನೇ ಕೂಡಿಕೊಂಡರೆ ಧನಋಣಗಳು ಒಂದನ್ನೊಂದು ಮುಟ್ಟಿ ಎಲ್ಲವೂ ನಿಂತುಹೋಗುವುದು. ಅಟ್ಟದ ಮೇಲೆ ಹುಡುಗನ ಇಂಥ ಒಂದು ಕುಣಿಕೆಯಿಂದ ಎರಡು ಸಾರಿ ಫ್ಯೂಸು ಹಾರಿತ್ತು.

ಇನ್ನು ಆ ಕಾಲು ಮೈಲಿ ಯಾವುದಾಗಬೇಕು? ಎಡಕುಮೇರಿಯೇ ಸರಿ. ಆದರೆ ತಾತನವರು ಅದನ್ನು ಬಿಟ್ಟು ಬಂದು ಎಷ್ಟೋ ವರ್ಷಗಳಾಗಿದ್ದುವು. ಮೀಟರ್ ಗೇಜನ್ನು ಕಿತ್ತು ಬ್ರಾಡ್ ಗೇಜನ್ನು ಹಾಕಿ, ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಆರಂಭವಾದ ಮೇಲೆ ಅವರು ಅಲ್ಲಿಗೆ ಹೋಗಿರಲಿಲ್ಲ. ಈಗ ಎರಡೂವರೆ ಗಂಟೆ ಕಾಲು ಮಡಿಸಿ ಕೂರಲಾರರು. ಆದ್ದರಿಂದ ನಮ್ಮನ್ನು ಕಳುಹಿಸಿದರು. ಕೈಗೆ ಹನ್ನೊಂದು ಪ್ರಶ್ನೆಗಳ ಒಂದು ಪಟ್ಟಿಯನ್ನೂ ಕೊಟ್ಟರು. ಪ್ಲಾಟ್‌ಫಾರಮ್ಮಿನ ಉದ್ದವೆಷ್ಟು, ನೀರಿನ ತೊಟ್ಟಿ ಇದೆಯೇ, ಸುರಂಗದ ಬಾಯಿಯ ಕಲ್ಲು ಯಾವ ಬಣ್ಣ, ಹೀಗೆ. ಕಡೆಯಲ್ಲಿ, “ಕೆಳಗಿಳಿಯಕೂಡದು. ಹಳಿ ಮೇಲೆ ನಡೆಯೋದು ಅಪರಾಧ” ಎಂದು ಬರೆದು ಅಡಿಗೆರೆ ಎಳೆದಿದ್ದರು.

ಜುಲೈ ತಿಂಗಳ ಒಂದು ದಿನ ಹಾಸನದಲ್ಲಿ ಹಗಲುಗಾಡಿಯನ್ನು ಹತ್ತಿದೆವು. ೨೦೨೧ರಿಂದ ಈ ಗಾಡಿಗೆ ಗಾಜಿನ ಮಾಡುಳ್ಳ ಡಬ್ಬಿಗಳನ್ನು ಜೋಡಿಸಿರುವರಾದ್ದರಿಂದ ಮಳೆಗಾಲದಲ್ಲಿ ನೋಡುವವರ ಸಂದಣಿ ಹೆಚ್ಚು. ಆಲೂರು, ಬಾಳ್ಳುಪೇಟೆ ಕಳೆದು ಸಕಲೇಶಪುರದಲ್ಲಿ ಹೇಮಾವತಿಯು ಕೆಂಪಗೆ ತುಂಬಿ ಹರಿಯುತ್ತಿದ್ದಳು. ದೋಣಿಗಾಲನ್ನು ದಾಟಿದೊಡನೆ ಕಾಫಿಯ ತೋಟಗಳು ಹಿಂದುಳಿದು, ಬಯಲು ಎಂಬುದೇ ಕಾಣದಾಯಿತು. ಗಾಡಿಯ ವೇಗ ಗಂಟೆಗೆ ಮೂವತ್ತು ಕಿಲೋಮೀಟರಿಗೆ ಮೀರದು. ಗಾಲಿಗಳಿಗೆ ಒತ್ತಿದ ಬ್ರೇಕಿನ ವಾಸನೆ ಕಿಟಕಿಯೊಳಕ್ಕೆ ಬರುತ್ತಿತ್ತು. ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗುವರು. ಸುರಂಗ ಮುಗಿದೊಡನೆ ಬೆಳಕು, ಸೇತುವೆ, ಕೆಳಗೆ ಪಾತಾಳದಲ್ಲಿ ನೊರೆ, ಮತ್ತೆ ಕತ್ತಲು. ಬೆಟ್ಟದ ಮಗ್ಗುಲಲ್ಲಿ ಕಲ್ಲು ಕಡಿದ ಗೋಡೆಗಳಿಂದ ನೀರು ಜಾಲರಿಯಂತೆ ಇಳಿಯುತ್ತಿತ್ತು. ಕಂಬಳಿಕೊಪ್ಪೆ ಹಾಕಿದ ಇಬ್ಬರು ಗ್ಯಾಂಗ್‌ಮನ್ನರು ಸುರಂಗದ ಬಾಯಲ್ಲಿ ಗೋಡೆಗೊರಗಿ ನಿಂತು ನಮ್ಮ ಗಾಡಿಗೆ ದಾರಿ ಬಿಟ್ಟರು. ೨೦೨೪ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಎಡಕುಮೇರಿಗಳ ನಡುವೆ ಹಳಿಯ ಬುಡದ ಮಣ್ಣು ಕುಸಿದು ಹಲವು ದಿನ ಗಾಡಿಗಳು ನಿಂತುಹೋದುದನ್ನು ನೆನೆದಾಗ, ಮಳೆಯಲ್ಲಿ ಕಾಲ್ನಡೆಯಾಗಿ ಹಳಿ ಕಾಯುವವರ ಬೆಲೆ ತಿಳಿಯುವುದು.

ಎಡಕುಮೇರಿಯಲ್ಲಿ ಗಾಡಿ ಕೆಲವು ನಿಮಿಷ ನಿಂತಿತು. ಮಂಜು ಸರಿದು ಕಣಿವೆಯು ಪೂರ್ತಿಯಾಗಿ ತೆರೆದುಕೊಂಡಿತು. ಡಬ್ಬಿಯಲ್ಲಿದ್ದವರೆಲ್ಲ ಒಂದೇ ಮಗ್ಗುಲಿಗೆ ಬಂದು ಮುತ್ತಿದರು; ನಾವೂ ಅವರೊಡನೆ ಮುತ್ತಿದೆವು. ಹಸುರಿನ ಮೇಲೆ ಹಸುರು, ಅದರ ನಡುವೆ ಬೆಳ್ಳಗೆ ಧುಮುಕುವ ನೀರು. ಹುಡುಗನು ನಲವತ್ತು ಚಿತ್ರ ತೆಗೆದನು.

ಮನೆಗೆ ಬಂದು ವರದಿ ಒಪ್ಪಿಸಿದೆವು. ಹತ್ತು ಪ್ರಶ್ನೆಗಳಿಗೆ ತಕ್ಕಮಟ್ಟಿಗೆ ಉತ್ತರ ದೊರಕಿತ್ತು. ಹನ್ನೊಂದನೆಯದು: “ಕ್ಯಾಚ್ ಸೈಡಿಂಗ್ ಬೆಟ್ಟದ ಮಗ್ಗುಲಿಗೇ ಇದೆಯೋ? ಕೊನೆಯಲ್ಲಿ ಎಷ್ಟು ಏರಿದೆ?” ನಾವು ಮುಖ ಮುಖ ನೋಡಿಕೊಂಡೆವು. “ನೋಡಿದಿರೇನಪ್ಪಾ?” ಎಂದು ಮತ್ತೊಮ್ಮೆ ಕೇಳಿದರು. ನಾವು ಕಣಿವೆಯನ್ನು ನೋಡುತ್ತಿದ್ದೆವು ಎಂದೆವು. “ಎಲ್ಲರೂ ಅದನ್ನೇ ನೋಡೋದು” ಎಂದು ಪಟ್ಟಿಯನ್ನು ಮಡಿಸಿಟ್ಟರು.

ಈ ಸೈಡಿಂಗಿನ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಡಿದಾದ ಇಳುಕಲಿನ ಕೆಳಗಡೆ ನಿಲ್ದಾಣವಿದ್ದರೆ, ಮೇಲಿನಿಂದ ಬರುವ ಗಾಡಿಯ ಬ್ರೇಕು ಕೈಕೊಟ್ಟಾಗ ಅದು ನಿಲ್ದಾಣದೊಳಕ್ಕೆ ನುಗ್ಗಿ, ಅಲ್ಲಿ ನಿಂತಿರುವ ಗಾಡಿಯನ್ನು ಅಪ್ಪಳಿಸುವುದು. ಅದಕ್ಕಾಗಿ ನಿಲ್ದಾಣಕ್ಕೆ ಮುಂಚೆಯೇ ಮುಖ್ಯ ಹಳಿಯಿಂದ ಒಂದು ಕವಲನ್ನು ತೆಗೆದು, ಅದನ್ನು ಬೆಟ್ಟದ ಮೇಲಕ್ಕೆ ಏರಿಸಿ ಮರಳಿನಲ್ಲಿ ಕೊನೆಗಾಣಿಸುವರು. ಏರನ್ನು ಹತ್ತಲಾರದೆ, ಮರಳಿನಲ್ಲಿ ಹೂತು, ಹುಚ್ಚೆದ್ದ ಗಾಡಿ ತಾನಾಗಿ ನಿಲ್ಲುವುದು. ಇದರ ಮರ್ಮವೇನೆಂದರೆ, ಪಾಯಿಂಟು ಸದಾಕಾಲವೂ ಆ ಕವಲಿನ ಕಡೆಗೇ ತಿರುಗಿರುವುದು. ಕೆಳಗಿಳಿದು ಬಂದ ಪ್ರತಿಯೊಂದು ಗಾಡಿಯೂ ಅದರ ಮುಂದೆ ನಿಂತು, ತಾನು ಹತೋಟಿಯಲ್ಲಿದ್ದೇನೆಂದು ತೋರಿಸಿಕೊಟ್ಟ ಮೇಲೆಯೇ ಪಾಯಿಂಟನ್ನು ನಿಲ್ದಾಣದ ಕಡೆಗೆ ತಿರುಗಿಸುವರು. ನಂಬಿಕೆ ಮೊದಲಲ್ಲ, ಕಡೆಗೆ.

ನಮ್ಮ ಹದಿನಾರಡಿಯಲ್ಲಿ ಈ ಕವಲಿಗೆ ನಾಲ್ಕಡಿಯನ್ನು ಕೊಟ್ಟರೆ, ಸೇತುವೆಗಳಲ್ಲಿ ದೊಡ್ಡದನ್ನು ಬಿಡಬೇಕಾಗುತ್ತಿತ್ತು. ಎತ್ತರವಾದ ಕಂಬಗಳ ಸೇತುವೆಯಿಲ್ಲದ ಘಟ್ಟವನ್ನು ಯಾರು ಘಟ್ಟವೆಂದಾರು? ಹುಡುಗನು ಸೇತುವೆಯ ಪಕ್ಷ. ನಿಜ ಹೇಳಬೇಕೆಂದರೆ ನಾವೂ ಅದೇ ಪಕ್ಷ. “ತಾತಾ, ನಿಮ್ಮ ಕಾಲದಲ್ಲಿ ಆ ಸೈಡಿಂಗಿಗೆ ಎಷ್ಟು ಗಾಡಿ ನುಗ್ಗಿತು?” ಎಂದು ಹುಡುಗನು ಕೇಳಿದನು.

“ಒಂದೂ ಇಲ್ಲ.”

“ಹಾಗಾದರೆ ಅದು ಯಾತಕ್ಕೆ?”

“ಆರು ವರ್ಷ ದಿನಾ ಎಲ್ಲ ಗಾಡಿನೂ ಅದರ ಮುಂದೆ ನಿಂತಿತಲ್ಲ. ಅದೇ ಅದರ ಕೆಲಸ” ಎಂದರು. ತುಸು ಹೊತ್ತು ಬಿಟ್ಟು, ತಾವಾಗಿಯೇ ಮುಂದುವರಿಸಿದರು. ಒಂದು ಆಷಾಢದ ರಾತ್ರಿ ಮೇಲಿನಿಂದ ಗೂಡ್ಸು ಬರಬೇಕಾಗಿತ್ತಂತೆ. ಕೆಳಗಿನಿಂದ ಬಂದ ಪ್ರಯಾಣಿಕರ ಗಾಡಿ ನಿಲ್ದಾಣದಲ್ಲಿ ನಿಂತಿತ್ತು. ಅದರಲ್ಲಿ ಅಜ್ಜಿಯವರು ಇದ್ದರು. ತವರಿನಿಂದ ಬಾಣಂತನ ಮುಗಿಸಿಕೊಂಡು, ಮೂರು ತಿಂಗಳ ಕೂಸಿನೊಡನೆ ಬರುತ್ತಿದ್ದರು. ಗೂಡ್ಸಿನ ದೀಪ ಕಾಣಿಸಿತು. ಅದು ನಿಲ್ಲಬೇಕಾದ ಕಡೆ ನಿಲ್ಲುವವರೆಗೆ ಇವರು ಹೆಂಡತಿ ಮಗುವನ್ನು ಇಳಿಸಿಕೊಳ್ಳಲು ಹೋಗಲಿಲ್ಲ. ಲಾಂದ್ರ ಹಿಡಿದು ಪಾಯಿಂಟನ್ನು ನೋಡುತ್ತ ನಿಂತಿದ್ದರು. “ಅವಳಿಗೆ ಕೊನೇವರೆಗೂ ಅದೊಂದು ಆಕ್ಷೇಪಣೆ ಇತ್ತು. ಮಗು ನೋಡೋಕೆ ಬರದೆ ಹಳಿ ನೋಡ್ತಾ ನಿಂತಿದ್ದಿರಿ ಅಂತ.” ಆ ಕೂಸು ನಮ್ಮಿಬ್ಬರಲ್ಲಿ ಒಬ್ಬರು. ಈ ಸಂಗತಿಯನ್ನು ನಾವು ಕೇಳಿದ್ದು ಅದೇ ಮೊದಲು.

ಮುಂದಿನ ತಿಂಗಳು ಅದೇ ಗಾಡಿಯಲ್ಲಿ ಮತ್ತೆ ಹೋದೆವು. ಕಣಿವೆಯ ಕಡೆಗೆ ಬೆನ್ನು ಹಾಕಿ ಕುಳಿತೆವು. ಸಹಪ್ರಯಾಣಿಕರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಸೈಡಿಂಗ್ ಬೆಟ್ಟದ ಮಗ್ಗುಲಿಗೇ ಇತ್ತು. ಹಳಿಯ ಮೇಲೆ ತುಕ್ಕು, ನಡುವೆ ಹುಲ್ಲು. ಪಾಯಿಂಟಿಗೆ ಮಾತ್ರ ಹೊಸದಾಗಿ ಎಣ್ಣೆ ಹಚ್ಚಿತ್ತು. ಸೇತುವೆಯನ್ನು ಬಿಟ್ಟೆವು.

ಕಟ್ಟುವ ಕೆಲಸದಲ್ಲಿ ಅಡಿಗೆಮನೆಗೂ ಉಗ್ರಾಣಕ್ಕೂ ಸಾಕಷ್ಟು ಪಾಲು ದೊರೆಯಿತು. ನಿಲ್ದಾಣದ ಐದಡಿಯನ್ನು ಸಮಮಟ್ಟದಲ್ಲಿಟ್ಟು, ಉಳಿದ ಹನ್ನೊಂದಡಿಗೆ ಐವತ್ತಕ್ಕೊಂದರಂತೆ ಇಳುಕಲು ಕೊಟ್ಟಾಗ ಒಟ್ಟು ಇಳಿತವು ಎರಡೂವರೆ ಅಂಗುಲದಷ್ಟು ಬಂದಿತು. ಕಣ್ಣಿಗೆ ಏನೂ ಅಲ್ಲವೆಂದು ತೋರುವ ಈ ಇಳುಕಲನ್ನು ಎಂಜಿನ್ನು ಹತ್ತು ಬಂಡಿಗಳೊಡನೆ ಏರಲಾರದೆ ಗಾಲಿ ಜಾರಿಸುತ್ತ ನಿಂತಿತು. ಆರಕ್ಕಿಳಿಸಿದ ಮೇಲೆ ಏರಿತು. ನಿಜವಾದ ಘಟ್ಟದಲ್ಲಿ ಭಾರವಾದ ಗಾಡಿಗಳಿಗೆ ಹಿಂದಿನಿಂದ ಒತ್ತಲು ಬೇರೆ ಎಂಜಿನ್ನುಗಳನ್ನು ಜೋಡಿಸುವುದೇಕೆಂದು ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಳಿಗಳನ್ನು ನಿಕ್ಕಲ್ ಸಿಲ್ವರ್ ಎಂಬ ಲೋಹದಿಂದ ಮಾಡಿರುವರು. ಹೆಸರಿನಲ್ಲಿಯೇ ಹೊರತು ಅದರಲ್ಲಿ ಬೆಳ್ಳಿಯಿಲ್ಲ. ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ. ಮಳೆಗಾಲದಲ್ಲಿ ಹಲಗೆ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಹಳಿಗಳ ಸಂದಿನಲ್ಲಿ ಕೂದಲೆಳೆಯಷ್ಟು ಎಡೆ ಬಿಡಬೇಕು. ಸಂದುಗಳ ಮೂಲಕ ವಿದ್ಯುತ್ತು ಸರಿಯಾಗಿ ಹರಿಯದೆ ಗಾಡಿ ಕುಂಟುವುದನ್ನು ತಪ್ಪಿಸಲು, ಮೇಜಿನ ಅಡಿಯಲ್ಲಿ ದಪ್ಪನಾದ ಎರಡು ತಂತಿಗಳನ್ನು ಉದ್ದಕ್ಕೂ ಎಳೆದು, ಮೂರಡಿಗೊಂದು ಕಡೆ ಅಲ್ಲಿಂದ ಹಳಿಗೆ ಬೆಸುಗೆ ಹಾಕಿದೆವು. ಪುಣೆಯಲ್ಲಿ ಬಗ್ಗಿ ನೋಡಿದ್ದು ಇಲ್ಲಿ ಫಲಿಸಿತು.

ಹಳಿಯ ನಡುವೆ ಹರಡುವ ಜಲ್ಲಿಗೆ ಸಣ್ಣ ಮರಳನ್ನು ಟೀ ಸೋಸುವ ಜಾಲರಿಯಿಂದ ಶೋಧಿಸಿದೆವು. ಮರಳನ್ನು ಬಳಸುವವರು ಅದರ ಮೇಲೆ ಒಂದು ಅಯಸ್ಕಾಂತವನ್ನು ಆಡಿಸಲು ಮರೆಯಬಾರದು. ಅದರಲ್ಲಿರುವ ಕಬ್ಬಿಣದ ಕಣಗಳು ಎಂಜಿನ್ನಿನ ಒಳಗಿನ ಯಂತ್ರಕ್ಕೆ ಅಂಟಿಕೊಂಡು ಅದನ್ನು ಕೆಡಿಸುವುವು. ಮರಳು ನಿಲ್ಲಲು ಬಡಗಿಯ ಬಿಳಿಯ ಅಂಟನ್ನು ನೀರಿನಲ್ಲಿ ಕದಡಿ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸೇರಿಸಿ ತೊಟ್ಟುತೊಟ್ಟಾಗಿ ಬಿಡಬೇಕು. ಸೋಪಿಲ್ಲದಿದ್ದರೆ ನೀರು ಮರಳಿನೊಳಕ್ಕೆ ಇಳಿಯದೆ ಮುತ್ತಿನಂತೆ ಮೇಲೆಯೇ ಉರುಳುವುದು.

ಬೆಟ್ಟದ ವಿಷಯದಲ್ಲಿ ನಾವು ಮಿತವ್ಯಯ ಮಾಡಲು ಹೋಗಿ ಪೆಟ್ಟು ತಿಂದೆವು. ಹಳೆಯ ವೃತ್ತಪತ್ರಿಕೆಗಳನ್ನು ಮೈದಾಹಿಟ್ಟಿನ ಅಂಟಿನಲ್ಲಿ ನೆನೆಸಿ ಪದರಪದರವಾಗಿ ಬೆಟ್ಟವನ್ನೆಬ್ಬಿಸಿದೆವು. ತಾತನವರು ಮಡಿಕೆ ಬಿಚ್ಚದ ಪತ್ರಿಕೆಗಳು ಬೇಕಾದಷ್ಟಿದ್ದುವಷ್ಟೆ. ಒಂದು ವಾರದೊಳಗೆ ಬೆಟ್ಟವೇ ಸಣ್ಣಗೆ ಚಲಿಸುವಂತೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಇರುವೆಗಳು. ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತವನ್ನು ಬೆರಸುವರೆಂಬುದು ಆಗ ನೆನಪಾಯಿತು. ಬೆಟ್ಟವನ್ನು ಹಿತ್ತಿಲಲ್ಲಿ ಸುಟ್ಟು, ಮೈಲುತುತ್ತ ಬೆರೆತ ಅಂಟಿನಿಂದ ಮತ್ತೊಮ್ಮೆ ಕಟ್ಟಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ತೆಳುವಾದ ಲೇಪ ಕೊಟ್ಟೆವು. ಮೈಲುತುತ್ತ ವಿಷ, ಮಕ್ಕಳ ಕೈಗೆ ಕೊಡಕೂಡದು. ಈ ಸಾರಿ ಸುರಂಗದ ಹಿಂಬದಿಯನ್ನು ತೆರೆದೇ ಬಿಟ್ಟೆವು. ಅಟ್ಟದ ಬೆಟ್ಟದಲ್ಲಿ ಮುಚ್ಚಿದ ಸುರಂಗದೊಳಗೆ ಗಾಡಿ ಹಳಿ ತಪ್ಪಿ, ಅದನ್ನು ತೆಗೆಯಲು ಶಿಖರವನ್ನು ಒಡೆಯಬೇಕಾಗಿ ಬಂದಿತ್ತು. ಐವತ್ತೇಳು ಸುರಂಗಗಳಲ್ಲಿ ನಮಗೆ ಉಳಿದದ್ದು ಎರಡು. ಒಂದು ನಿಲ್ದಾಣದ ಮೇಲ್ಗಡೆ, ಇನ್ನೊಂದು ಗೋಡೆಯ ಕಿಂಡಿಯೇ. ನೂರೊಂಬತ್ತು ಸೇತುವೆಗಳಲ್ಲಿ ಒಂದು ಮೋರಿ. ಕಾಡಿಗೆ ಒಣಗಿದ ಹೀರೇಕಾಯಿಯ ನಾರು, ಹಸುರು ಬಣ್ಣ ಕಟ್ಟಿದ ಗರಗಸದ ಹುಡಿ; ನೆಲಕ್ಕೆ ಬಿಸಿಲಲ್ಲಿ ಒಣಗಿಸಿದ ಟೀ ಚರಟ. ಘಟ್ಟದ ಮಣ್ಣಿನ ಬಣ್ಣವನ್ನು ಯಾವ ಅಂಗಡಿಯ ಬಣ್ಣವೂ ಇಷ್ಟು ಚೆನ್ನಾಗಿ ಕೊಡಲಿಲ್ಲ.

ವೇಗದ ಬಗೆಗೆ ಅಜ್ಜ ಮೊಮ್ಮಗನಿಗೆ ಜಗಳವಾಯಿತು. ಗಂಟೆಗೆ ಮೂವತ್ತು ಕಿಲೋಮೀಟರೆಂಬುದು ಎಂಬತ್ತೇಳರಲ್ಲೊಂದು ಪಾಲಿಗೆ ಇಳಿದರೆ ಸೆಕೆಂಡಿಗೆ ನಾಲ್ಕು ಅಂಗುಲವೂ ತುಂಬದು. ಹುಡುಗನಿಗೆ ಅದು ಇರುವೆಯ ನಡಿಗೆ. ತಾತನವರು ಗೋಡೆಗಡಿಯಾರವನ್ನು ನೋಡಿಕೊಂಡು, ಹದಿನಾರಡಿಗೆ ಐವತ್ತು ಸೆಕೆಂಡು ಆಗಲೇಬೇಕೆಂದು ಹಟಹಿಡಿದರು, ಗೆದ್ದರು. ಕೋಣೆಗೂ ಉಗ್ರಾಣಕ್ಕೂ ನಡುವೆ ಒಂದು ವಿದ್ಯುತ್ ಗಂಟೆಯನ್ನು ಅಳವಡಿಸಿದೆವು. ಈ ಕಡೆ ಎಡಕುಮೇರಿಯಲ್ಲಿ ತಾತನವರು, ಆ ಕಡೆ ಸುಬ್ರಹ್ಮಣ್ಯ ರೋಡಿನಲ್ಲಿ ಹುಡುಗನು. ಗಂಟೆಯ ಮೂಲಕ ಲೈನ್ ಕ್ಲಿಯರ್ ಕೇಳಬೇಕು. ಅವನು ಕೊಟ್ಟರೆ ಗಾಡಿ ಬಿಡಬೇಕು. ತಲಪಿದ ಮೇಲೆ ಅವನು ತಿಳಿಸಬೇಕು. ಎರಡೂ ಕಡೆ ಒಂದೊಂದು ನೋಟುಪುಸ್ತಕ, ಗಂಟೆ ನಿಮಿಷಗಳ ಸಹಿತ. ಪಾಯಿಂಟು ಸೈಡಿಂಗಿನ ಕಡೆಗೇ ತಿರುಗಿರುವುದು. ಅದರ ಮುಂದೆ ಗಾಡಿ ಪೂರ್ತಿಯಾಗಿ ನಿಲ್ಲದೆ ತಾತನವರ ಕೈ ಗುಂಡಿಯ ಮೇಲೆ ಹೋಗುವುದಿಲ್ಲ.

ಮೊನ್ನೆ ರಾತ್ರಿ ಎಂಟೂವರೆಗೆ ಊಟಕ್ಕೆ ಕರೆಯಲು ಹೋದಾಗ ಗಾಡಿಯು ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿ ನಿಂತಿತ್ತು. ತಾತನವರು ಗಂಟೆ ಬಾರಿಸಿ ಕಾಯುತ್ತಿದ್ದರು. ಆ ಕಡೆಯಿಂದ ಉತ್ತರವಿಲ್ಲ. ಅನ್ನ ಆರುತ್ತದೆಂದೆವು. ಕೈಯೆತ್ತಿ ಸುಮ್ಮನಿರಿಸಿದರು. ಮತ್ತೆ ಬಾರಿಸಿದರು. ಉಗ್ರಾಣದಿಂದ ಹುಡುಗನು ಕೂಗಿದನು:

“ಲೈನ್ ಕ್ಲಿಯರ್ ಇಲ್ಲ ತಾತಾ! ಯಾರೋ ಹಳಿ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದಾರೆ!”

ತಾತನವರು ನಮ್ಮ ಕಡೆಗೆ ತಿರುಗಿ ನೋಡಿದರು. ನೋಟುಪುಸ್ತಕವನ್ನು ಬಿಚ್ಚಿ, ಗಡಿಯಾರವನ್ನು ನೋಡಿ, “೮-೩೪. ಅಡಚಣೆ. ಗಾಡಿ ತಡೆಯಲಾಯಿತು” ಎಂದು ಬರೆದುಕೊಂಡರು. ನಾವು ಜಾಡಿಯನ್ನು ತೆಗೆಯಲು ಉಗ್ರಾಣಕ್ಕೆ ಹೋದೆವು.